ತಕಧಿಮಿ ಎಂಬ ಬಾಯಿಲೆಕ್ಕ

ಹೈದರಾಬಾದ್: ಮೃದಂಗ ಕಲಿಯಲು ಸೇರಿದ ಮಗುವಿಗೆ ಮೊದಲ ದಿನವೇ ಮೃದಂಗ ಮುಟ್ಟುವ ಭಾಗ್ಯ ಸಾಮಾನ್ಯವಾಗಿ ಇರುವುದಿಲ್ಲ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಬಲಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಾ ‘ತ ಧಿ ತೊಂ ನಂ’ ಎಂದು ಬಾಯಲ್ಲಿ ಹೇಳಬೇಕು. ಒಂದು ಕಾಲ, ಎರಡು ಕಾಲ, ಮೂರು ಕಾಲ. ತಪ್ಪಿದರೆ ಮತ್ತೆ ಮೊದಲಿನಿಂದ. ಹೊಸ ವಾದ್ಯ ಕೊಂಡು ತಂದು ಅದಕ್ಕೆ ಬಟ್ಟೆಯ ಗವಸು ಹೊಲಿಸಿದ ತಂದೆತಾಯಿಗಳಿಗೆ ಇದು ಕೊಂಚ ನಿರಾಸೆಯ ಸಂಗತಿ. ‘ತಿಂಗಳಾಯ್ತು, ಇನ್ನೂ ಬಾಯಲ್ಲೇ ಹೇಳಿಸ್ತಾ ಇದಾರಲ್ಲ’ ಎಂಬ ಮಾತು ಪಾಠದ ಮನೆಯ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಕೇಳಿಬರುವುದುಂಟು.

ಆದರೆ ವಿದ್ಯೆ ಇರುವುದು ಅಲ್ಲಿಯೇ. ಬೆರಳು ಏನು ನುಡಿಸಬೇಕೋ ಅದನ್ನು ಮೊದಲು ನಾಲಿಗೆ ಕಲಿಯಬೇಕು. ಈ ಬಾಯಿಪಾಠಕ್ಕೆ ಸೊಲ್ಲುಕಟ್ಟು ಎಂದು ಹೆಸರು. ಅದನ್ನೇ ವೇದಿಕೆಯ ಮೇಲೆ ಒಂದು ಸ್ವತಂತ್ರ ಕಲೆಯಾಗಿ, ವಾದ್ಯವಿಲ್ಲದೆ ಬರಿಯ ಬಾಯಿಂದ ನುಡಿಸಿ ತೋರಿಸಿದಾಗ ಅದು ಕೊನ್ನಕೋಲು. ‘ನುಡಿಸುವುದು’ ಎಂಬ ಕ್ರಿಯಾಪದ ಇಲ್ಲಿ ಎರಡು ಅರ್ಥದಲ್ಲೂ ಸರಿಹೊಂದುತ್ತದೆ ಎನ್ನುವುದನ್ನು ಕನ್ನಡಿಗರು ಗಮನಿಸಬೇಕು. ಸೊಲ್ಲು ಎಂದರೆ ಮಾತು, ಕಟ್ಟು ಎಂದರೆ ಜೋಡಣೆ. ‘ಸೊಲ್ಲೆತ್ತದೆ ಕೂತ’ ಎಂದು ಈಗಲೂ ನಾವು ಹೇಳುವ ಅದೇ ಸೊಲ್ಲು. ಕಚೇರಿಯ ಭಾಷೆಯಲ್ಲಿ ತಮಿಳು ನಾಡಿನ ಪದವೆಂದು ಕೇಳಿಸಿದರೂ ನಮ್ಮ ಮನೆಯಲ್ಲೇ ಇರುವ ಪದ.

ಹಾಗೆ ನೋಡಿದರೆ ನಗರದ ಕನ್ನಡಿಗರಲ್ಲಿ ಯಾರಿಗೂ ಇದು ಪೂರ್ತಿ ಅಪರಿಚಿತವಲ್ಲ. ಉಡುಪಿ, ಮಂಗಳೂರು ಕಡೆಯಿಂದ ಬಂದು ಹೋಟೆಲು ಇಟ್ಟವರಿಗೆ ಯಕ್ಷಗಾನದ ಬಾಯಿತಾಳ ಗೊತ್ತು. ಕುಣಿತ ಕಲಿಯುವ ಹುಡುಗ ಚಂಡೆ ಮದ್ದಳೆ ಇಲ್ಲದ ಹೊತ್ತಿನಲ್ಲಿ ಬಾಯಲ್ಲಿ ಹೇಳಿಕೊಂಡೇ ಹೆಜ್ಜೆ ಹಾಕುತ್ತಾನೆ. ಬೀದರ್, ಕಲಬುರಗಿ, ರಾಯಚೂರು ಕಡೆಯವರು, ಅಂದರೆ 1956ರವರೆಗೆ ಇದೇ ಹೈದರಾಬಾದ್ ರಾಜ್ಯದ ಪ್ರಜೆಗಳಾಗಿದ್ದವರು, ಹಿಂದುಸ್ತಾನಿ ಕಿವಿಯವರು. ಅವರಿಗೆ ತಬಲದ ‘ಧಾ ಧಿನ್ ಧಿನ್ ಧಾ’ ಬೋಲುಗಳು ಹತ್ತಿರ. ಹಳೆ ಮೈಸೂರಿನವರಿಗೆ ಮೃದಂಗ, ಭರತನಾಟ್ಯ. ಮೂವರೂ ತಮ್ಮ ತಮ್ಮ ಬಾಯಲ್ಲಿ ಒಂದೇ ಕೆಲಸ ಮಾಡುತ್ತಿದ್ದಾರೆ.

ನಾಲಿಗೆಯ ಜಾಣ್ಮೆ

‘ತಕಧಿಮಿ’ ಎಂಬ ನಾಲ್ಕಕ್ಷರವನ್ನೇ ಯಾಕೆ ಆರಿಸಿದರು? ಶಾಲೆಯಲ್ಲಿ ಕಲಿತ ವರ್ಣಮಾಲೆ ಜ್ಞಾಪಿಸಿಕೊಂಡರೆ ಉತ್ತರ ಸಿಗುತ್ತದೆ. ತ ದಂತ್ಯ, ಕ ಕಂಠ್ಯ, ಧ ಮತ್ತೆ ದಂತ್ಯ, ಮ ಓಷ್ಠ್ಯ. ನಾಲಿಗೆಯ ತುದಿ ದುಡಿದ ಮರುಕ್ಷಣ ನಾಲಿಗೆಯ ಹಿಂಬದಿ ದುಡಿಯುತ್ತದೆ, ಆಮೇಲೆ ತುಟಿ. ‘ತಕಿಟ’ದಲ್ಲಿಯೂ ಅಷ್ಟೆ: ದಂತ್ಯ, ಕಂಠ್ಯ, ಮೂರ್ಧನ್ಯ. ಒಂದೇ ಜಾಗಕ್ಕೆ ಎರಡು ಪೆಟ್ಟು ಬಹುಪಾಲು ಬೀಳುವುದಿಲ್ಲ, ಹಾಗಾಗಿ ಎಷ್ಟು ವೇಗಕ್ಕೆ ಹೋದರೂ ನಾಲಿಗೆ ತೊಡರುವುದಿಲ್ಲ. ಬೇಕಿದ್ದರೆ ‘ತತತತ’ ಎಂದು ವೇಗವಾಗಿ ಹೇಳಿ ನೋಡಬಹುದು. ಎರಡು ಉಸಿರಿಗೆ ಸುಸ್ತು.

ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕತಕಿಟ, ಏಳಕ್ಕೆ ತಕಿಟತಕಧಿಮಿ, ಒಂಬತ್ತಕ್ಕೆ ತಕಧಿಮಿತಕತಕಿಟ. ಇವೇ ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂಬ ಐದು ಜಾತಿಗಳು. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಸುಳಾದಿ ಸಪ್ತತಾಳಗಳಿಗೆ ಈ ಐದನ್ನು ಅನ್ವಯಿಸಿದರೆ 35 ತಾಳ. ಒಂದೊಂದಕ್ಕೂ ಮತ್ತೆ ಐದು ನಡೆ ಎಂದರೆ 175. ಎಲ್ಲವೂ ಬಳಕೆಯಲ್ಲಿಲ್ಲ, ಲೆಕ್ಕದಲ್ಲಿವೆ.

ಹೈದರಾಬಾದಿನ ಮಕ್ಕಳಿಗೆ ಇದನ್ನು ಊರ ಹೆಸರುಗಳಲ್ಲೇ ಹೇಳಿಕೊಡಬಹುದು. ನಾಂಪಲ್ಲಿ ಮೂರಕ್ಷರ, ಕಾಚಿಗುಡ ನಾಲ್ಕು, ಮಲಕಪೇಟ ಐದು. ಹ್ರಸ್ವ ದೀರ್ಘ ನೋಡದೆ ಎಲ್ಲ ಅಕ್ಷರಕ್ಕೂ ಒಂದೇ ಸಮಯ ಕೊಟ್ಟು ಹೇಳಬೇಕು ಅಷ್ಟೆ. ನಾಂಪಲ್ಲಿ-ಕಾಚಿಗುಡ ಎಂದರೆ ಮಿಶ್ರ, ಏಳು. ಕಾಚಿಗುಡ-ಮಲಕಪೇಟ ಎಂದರೆ ಸಂಕೀರ್ಣ, ಒಂಬತ್ತು. ಇವೆರಡು ರೈಲು ನಿಲ್ದಾಣಗಳೂ ಒಂದರ ಪಕ್ಕ ಒಂದು ಇರುವುದರಿಂದ ಮರೆಯುವ ಪ್ರಶ್ನೆಯೇ ಇಲ್ಲ.

ಹಿಂದಿನ ತಲೆಮಾರಿನವರು ಶಾಲೆಯಲ್ಲಿ ಬಾಯಿಲೆಕ್ಕ ಮಾಡುತ್ತಿದ್ದರು. ಕಾಗದ ಮುಟ್ಟುವಂತಿಲ್ಲ, ಮಗ್ಗಿ ಬಾಯಲ್ಲಿರಬೇಕು. ಕೊನ್ನಕೋಲು ಅಂಥದೇ ಒಂದು ಬಾಯಿಲೆಕ್ಕ. ಒಂದು ಉದಾಹರಣೆ ನೋಡೋಣ. ಆದಿತಾಳಕ್ಕೆ ಎಂಟು ಎಣಿಕೆ: ಒಂದು ಪೆಟ್ಟು, ಮೂರು ಬೆರಳು, ಪೆಟ್ಟು-ಹುಸಿ, ಪೆಟ್ಟು-ಹುಸಿ. ಎಣಿಕೆಗೆ ನಾಲ್ಕರಂತೆ ಒಂದು ಆವರ್ತನಕ್ಕೆ 32 ಮಾತ್ರೆ. ಈಗ ಕಲಾವಿದ ‘ತಕತಕಿಟ’ ಎಂಬ ಐದನ್ನು ಮೂರು ಸಲ ಹೇಳುತ್ತಾನೆ, 15 ಖರ್ಚಾಯಿತು. ಉಳಿದದ್ದು 17. ಇಲ್ಲಿ ‘ತದಿಗಿಣತೊಂ’ ಎಂಬ ಮುಕ್ತಾಯದ ಸೊಲ್ಲನ್ನು ಮೂರು ಸಲ ಹೇಳಬೇಕು. ಐದು ಮೂರಲ 15, ನಡುವೆ ಎರಡು ಕಡೆ ಒಂದೊಂದು ಮಾತ್ರೆಯ ಮೌನ, ಒಟ್ಟು 17. ಹದಿನೈದೂ ಹದಿನೇಳೂ ಕೂಡಿ 32. ಕೊನೆಯ ‘ತೊಂ’ ಮುಗಿದ ಮರುಕ್ಷಣವೇ ತಾಳದ ಮೊದಲ ಪೆಟ್ಟು. ಸಭೆಯಲ್ಲಿ ತಲೆಗಳು ಒಟ್ಟಿಗೆ ಅಲ್ಲಾಡುವುದು ಅಲ್ಲಿ. ದಿನದ ಕೊನೆಗೆ ಜಮಾ-ಖರ್ಚು ಒಂದು ಪೈಸೆಯೂ ವ್ಯತ್ಯಾಸವಿಲ್ಲದೆ ತಾಳೆಯಾದಾಗ ಆಗುವ ಸಮಾಧಾನ ಬಲ್ಲವರಿಗೆ ಇದರ ರುಚಿ ಬೇಗ ಹತ್ತುತ್ತದೆ. ತಾಳೆಯಾಗುವುದು ಎಂಬ ಮಾತನ್ನು ತಾಳದ ಪಕ್ಕದಲ್ಲಿ ಇಟ್ಟು ನೋಡಿದರೆ ಇನ್ನೂ ಚೆನ್ನ.

ವ್ಯತ್ಯಾಸವೆಂದರೆ ಇಲ್ಲಿ ಲೆಕ್ಕ ತಪ್ಪಿದರೆ ಅಳಿಸಿ ಬರೆಯಲು ಬರುವುದಿಲ್ಲ. ಮೌನವನ್ನೂ ಎಣಿಸಬೇಕು. ಕಲಿಯುವವರು ಹೆಚ್ಚಾಗಿ ಎಡವುವುದು ಸೊಲ್ಲಿನಲ್ಲಲ್ಲ, ಆ ಒಂದು ಮಾತ್ರೆಯ ಮೌನದಲ್ಲಿ. ನಾಲಿಗೆ ಸುಮ್ಮನಿರುವಾಗ ಕೈ ಸುಮ್ಮನಿರಬಾರದು.

ದೇವಗಿರಿಯ ಕರಣಿಕ

ಈ ವಿದ್ಯೆಯ ಹಳೆಯ ದಾಖಲೆಗಳು ದಖ್ಖನ್ನಿನಲ್ಲೇ ಸಿಗುವುದು ನಗರದ ಓದುಗರಿಗೆ ಸಂತೋಷ ಕೊಡುವ ವಿಷಯ. 13ನೆಯ ಶತಮಾನದಲ್ಲಿ ಸೇವುಣ ಯಾದವರ ದೇವಗಿರಿಯಲ್ಲಿ, ಎಂದರೆ ಮುಂದೆ ನಿಜಾಮರ ಸಂಸ್ಥಾನಕ್ಕೆ ಸೇರಿದ ಪ್ರದೇಶದಲ್ಲಿ, ಶಾರ್ಙ್ಗದೇವ ‘ಸಂಗೀತ ರತ್ನಾಕರ’ ಬರೆದ. ಏಳು ಅಧ್ಯಾಯಗಳ ಆ ಗ್ರಂಥದಲ್ಲಿ ಐದನೆಯದು ತಾಳಕ್ಕೆ, ಆರನೆಯದು ವಾದ್ಯಕ್ಕೆ, ಏಳನೆಯದು ನರ್ತನಕ್ಕೆ ಮೀಸಲು. ಹಾಡಿನ ಪ್ರಬಂಧಕ್ಕೆ ಆರು ಅಂಗಗಳನ್ನು ಹೇಳುವಾಗ ಸ್ವರ, ಬಿರುದು, ಪದ, ತೇನಕಗಳ ಜತೆಗೆ ‘ಪಾಟ’ ಎಂಬುದನ್ನೂ ಸೇರಿಸಿದ್ದಾನೆ. ಪಾಟವೆಂದರೆ ವಾದ್ಯದ ಅಕ್ಷರ. ಬಾಯಲ್ಲಿ ಹೇಳುವ ಸೊಲ್ಲು. ಹಾಡಿನೊಳಗೇ ಅದಕ್ಕೆ ಜಾಗವಿತ್ತು ಎಂದಾಯಿತು. ಈ ಶಾರ್ಙ್ಗದೇವ ವೃತ್ತಿಯಲ್ಲಿ ಯಾದವ ದೊರೆ ಸಿಂಘಣನ ಆಸ್ಥಾನದ ಲೆಕ್ಕಪತ್ರ ನೋಡುವ ಕರಣಿಕ. ಲೆಕ್ಕದವರಿಗೆ ಕಲೆ ತಿಳಿಯದು ಎನ್ನುವವರಿಗೆ ಇದೊಂದು ಉತ್ತರ. ಮುಂದೆ 15ನೆಯ ಶತಮಾನದಲ್ಲಿ ವಿಜಯನಗರದ ಕಲ್ಲಿನಾಥ ಇದೇ ಗ್ರಂಥಕ್ಕೆ ವ್ಯಾಖ್ಯಾನ ಬರೆದ.

ಅದೇ 13ನೆಯ ಶತಮಾನದಲ್ಲಿ ಓರುಗಲ್ಲಿನ ಕಾಕತೀಯ ಗಣಪತಿದೇವನ ಸೇನಾನಿ ಜಾಯಪ ‘ನೃತ್ತರತ್ನಾವಳಿ’ ರಚಿಸಿ ಆ ಕಾಲದ ನೃತ್ತಗಳನ್ನು ವಿವರಿಸಿದ. ಅವುಗಳಲ್ಲಿ ಒಂದಾದ ಪೇರಿಣಿಯನ್ನು ಹೈದರಾಬಾದಿನ ನೃತ್ಯಾಚಾರ್ಯ ನಟರಾಜ ರಾಮಕೃಷ್ಣ ಅವರು ಗ್ರಂಥ ಮತ್ತು ರಾಮಪ್ಪ ದೇವಾಲಯದ ಶಿಲ್ಪಗಳನ್ನು ಮುಂದಿಟ್ಟುಕೊಂಡು ಮರುರೂಪಿಸಿ 1985ರಲ್ಲಿ ರಾಮಪ್ಪದಲ್ಲೇ ಪ್ರದರ್ಶಿಸಿದರು. ಆ ಗುಡಿ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಲ್ಲಿನಲ್ಲಿ ಭಂಗಿ ಉಳಿಯುತ್ತದೆ, ಪುಸ್ತಕದಲ್ಲಿ ಲಕ್ಷಣ ಉಳಿಯುತ್ತದೆ. ಆದರೆ ಒಂದು ಭಂಗಿಯಿಂದ ಇನ್ನೊಂದು ಭಂಗಿಗೆ ಯಾವ ವೇಗದಲ್ಲಿ ಹೋಗಬೇಕೆಂಬುದು ಬಾಯಿಂದ ಬಾಯಿಗೆ ಬರಬೇಕು. ಒಮ್ಮೆ ಕಡಿದುಹೋದ ಎಳೆಯನ್ನು ಮತ್ತೆ ಹುರಿಗೊಳಿಸಲು ಎಷ್ಟು ಶ್ರಮ ಬೇಕೆಂಬುದಕ್ಕೆ ಪೇರಿಣಿಯೇ ಸಾಕ್ಷಿ.

ಸುಳಾದಿ ತಾಳಗಳಿಗೆ ಅಲಂಕಾರ, ಸರಳೆ, ಜಂಟಿವರಸೆಗಳ ಪಾಠಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ಹೇಳುತ್ತದೆ. ದೇವರನಾಮಗಳನ್ನು ಹಾಡುವ ನಮ್ಮ ಮಹಿಳಾ ಮಂಡಳಿಗಳು ದಾಸರ ಈ ಇನ್ನೊಂದು ಮುಖವನ್ನು ಅಷ್ಟಾಗಿ ನೆನೆಯುವುದಿಲ್ಲ.

ಕಚೇರಿಯಲ್ಲಿ ಕಳೆದುಹೋದ ಕುರ್ಚಿ

20ನೆಯ ಶತಮಾನದ ಆರಂಭದಲ್ಲಿ ಕೊನ್ನಕೋಲಿಗೆ ಕಚೇರಿಯಲ್ಲಿ ಪ್ರತ್ಯೇಕ ಸ್ಥಾನವಿತ್ತು. ಮೃದಂಗ, ಖಂಜಿರ, ಘಟ, ಮೋರ್ಚಿಂಗುಗಳ ಸಾಲಿನಲ್ಲಿ ವಾದ್ಯವೇ ಇಲ್ಲದ ಒಬ್ಬ ಕಲಾವಿದ ಬರಿಗೈಯಲ್ಲಿ ಕೂರುತ್ತಿದ್ದ. ತನಿ ಆವರ್ತನದಲ್ಲಿ ತನ್ನ ಸರದಿ ಬಂದಾಗ ಬಾಯಿಂದಲೇ ಉತ್ತರ ಕೊಡುತ್ತಿದ್ದ. ಮನ್ನಾರ್‌ಗುಡಿ ಪಕ್ಕಿರಿಯಾ ಪಿಳ್ಳೈ ಅವರ ಹೆಸರಿಗೆ ಕೊನ್ನಕೋಲು ಎಂಬುದೇ ಅಂಟಿಕೊಂಡಿತ್ತು. ಬರಬರುತ್ತಾ ಪಕ್ಕವಾದ್ಯದ ಸಾಲು ಕಿರಿದಾಯಿತು. ಪಿಟೀಲು, ಮೃದಂಗ, ಹೆಚ್ಚೆಂದರೆ ಒಂದು ಘಟ ಅಥವಾ ಖಂಜಿರ. ಸಂಭಾವನೆ ಉಳಿಸಬೇಕಾದಾಗ ಮೊದಲು ಎದ್ದುಹೋಗಬೇಕಾದವನು ಕೈಯಲ್ಲಿ ಏನೂ ಇಲ್ಲದವನೇ. ಹಾಡುವವರ ಬಾಯಿ ಇರುವ ವೇದಿಕೆಯಲ್ಲಿ ಇನ್ನೊಂದು ಬಾಯಿ ಯಾಕೆ ಎಂಬ ಭಾವನೆಯೂ ಸೇರಿರಬೇಕು. ಹೀಗೆ ಲಯವಾದ್ಯದವರೆಲ್ಲರೂ ಕಲಿಯುವ ವಿದ್ಯೆಗೆ ವೇದಿಕೆಯಲ್ಲಿ ಕುರ್ಚಿ ಇಲ್ಲದಂತಾಯಿತು.

ಕರ್ನಾಟಕದಲ್ಲಿ ಅದನ್ನು ಬಿಡದೆ ಹಿಡಿದುಕೊಂಡವರಿದ್ದಾರೆ. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಆರಂಭಿಸಿದರು. ಅವರ ತಂಡ ಗಾಯಕಿ ಆರ್.ಎ. ರಮಾಮಣಿ ಅವರೊಂದಿಗೆ ವಿದೇಶಗಳಲ್ಲೂ ಹೆಸರು ಮಾಡಿತು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜತೆ ಮಾಡಿದ ‘ಜ್ಯೋತಿ’ ಧ್ವನಿಮುದ್ರಿಕೆ 1983ರಲ್ಲಿ ಜರ್ಮನಿಯಿಂದ ಹೊರಬಂತು. ಘಟ ವಿದುಷಿ ಸುಕನ್ಯಾ ರಾಮಗೋಪಾಲ್, ಕೊನ್ನಕೋಲನ್ನೇ ಮುಖ್ಯವಾಗಿಸಿಕೊಂಡ ಸೋಮಶೇಖರ ಜೋಯಿಸ್ ಇವರೂ ಬೆಂಗಳೂರಿನವರೇ.

ಇನ್ನು ಮೃದಂಗ ವಾದಕ ಬಿ.ಸಿ. ಮಂಜುನಾಥ್ ಅವರು 1, 1, 2, 3, 5, 8, 13, 21 ಎಂದು ಬೆಳೆಯುವ ಫಿಬೊನಾಚಿ ಸರಣಿಯನ್ನು ಕೊನ್ನಕೋಲಿನಲ್ಲಿ ಹೇಳಿದ ಪುಟ್ಟ ವಿಡಿಯೊ ಜಗತ್ತಿನ ಗಣಿತ ಮೇಷ್ಟ್ರುಗಳ ಮೊಬೈಲುಗಳಲ್ಲೆಲ್ಲ ಓಡಾಡಿತು. ಆ ಸರಣಿ ಇಟಲಿಯವನ ಹೆಸರಿನಲ್ಲಿದ್ದರೂ ನಮ್ಮ ಛಂದಸ್ಸಿನವರು ಅದನ್ನು ಮೊದಲೇ ಕಂಡಿದ್ದರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ನಾಲ್ಕು ಲಘು, ಒಂದು ಗುರು ಎರಡು ಲಘು ಮೂರು ಬಗೆಯಲ್ಲಿ, ಎರಡು ಗುರು. ಒಟ್ಟು ಐದು. ಐದು ಮಾತ್ರೆಗೆ ಎಂಟು ಬಗೆ. ಮುಂದಿನದನ್ನು ಓದುಗರೇ ಎಣಿಸಿಕೊಳ್ಳಬಹುದು. ಹೇಮಚಂದ್ರ 12ನೆಯ ಶತಮಾನದಲ್ಲೇ ಈ ಲೆಕ್ಕ ಬರೆದಿಟ್ಟಿದ್ದ.

ಹೊರಗಿನವರಂತೂ ಕೊನ್ನಕೋಲಿನ ಬೆನ್ನು ಹತ್ತಿದ್ದಾರೆ. ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 2007ರಲ್ಲಿ ಖಂಜಿರ ವಾದಕ ಸೆಲ್ವಗಣೇಶ್ ಜತೆ ಕೊನ್ನಕೋಲು ಪಾಠದ ಡಿವಿಡಿಯನ್ನೇ ಹೊರತಂದರು. ಅವರಿಬ್ಬರೂ ಇದ್ದ, ತಬಲ ಮಾಂತ್ರಿಕ ಜಾಕಿರ್ ಹುಸೇನ್ ಕೂಡ ಇದ್ದ ‘ಶಕ್ತಿ’ ತಂಡಕ್ಕೆ 2024ರಲ್ಲಿ ಗ್ರ್ಯಾಮಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾಕಿರ್ ತೀರಿಕೊಂಡರು.

ಪೆನ್‌ಡ್ರೈವ್ ಎದುರು ನಟ್ಟುವಾಂಗ

ಹೈದರಾಬಾದ್ ಮಟ್ಟಿಗೆ ಮೃದಂಗಕ್ಕೆ ಬಡತನವಿಲ್ಲ. 2008ರಲ್ಲಿ ಪದ್ಮಶ್ರೀ ಪಡೆದ, ಒಂಬತ್ತು ಮೃದಂಗಗಳನ್ನು ಮುಂದಿಟ್ಟುಕೊಂಡು ನುಡಿಸುವ ಎಲ್ಲಾ ವೆಂಕಟೇಶ್ವರ ರಾವ್ ಅವರ ಊರು ಇದು. ರಾಮಕೋಟೆಯಲ್ಲಿ ಸರ್ಕಾರಿ ಸಂಗೀತ ನೃತ್ಯ ಕಾಲೇಜಿದೆ, ಚಿಕ್ಕಡಪಲ್ಲಿಯಲ್ಲಿ ತ್ಯಾಗರಾಯ ಗಾನಸಭೆ ಇದೆ. ಎರಡೂ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ದೂರವಲ್ಲ.

ಆದರೂ ಸಾಮಾನ್ಯ ಪ್ರೇಕ್ಷಕ ಈ ಸೊಲ್ಲುಗಳನ್ನು ಜೀವಂತ ಬಾಯಿಂದ ಕೇಳುವುದು ಕಚೇರಿಯಲ್ಲಲ್ಲ, ನೃತ್ಯದ ವೇದಿಕೆಯ ಬದಿಯಲ್ಲಿ. ಭರತನಾಟ್ಯವಾಗಲಿ ಕೂಚಿಪುಡಿಯಾಗಲಿ, ಕೈತಾಳ ಹಿಡಿದು ಜತಿ ಹೇಳುವ ಗುರುವಿನದು ನಟ್ಟುವಾಂಗ. ಅಲರಿಪ್ಪು ಎಂಬ ಮೊದಲ ನೃತ್ಯಬಂಧದಲ್ಲಿ ಸಾಹಿತ್ಯವೇ ಇಲ್ಲ, ಪೂರ್ತಿ ಸೊಲ್ಲೇ. ವರ್ಣದ ತೀರ್ಮಾನಗಳು, ಕೊನೆಯ ತಿಲ್ಲಾನ, ಕೂಚಿಪುಡಿಯ ತರಂಗದಲ್ಲಿ ಹಿತ್ತಾಳೆ ತಟ್ಟೆಯ ಅಂಚಿನ ಮೇಲೆ ನಿಂತು ಹಾಕುವ ಹೆಜ್ಜೆ, ಎಲ್ಲಕ್ಕೂ ಆ ಬಾಯಿಯೇ ಆಧಾರ. 2010ರ ಡಿಸೆಂಬರಿನಲ್ಲಿ ಗಚ್ಚಿಬೌಲಿಯ ಕ್ರೀಡಾಂಗಣದಲ್ಲಿ 2,800ಕ್ಕೂ ಹೆಚ್ಚು ಕಲಾವಿದರು ಒಟ್ಟಿಗೆ ಕೂಚಿಪುಡಿ ತಿಲ್ಲಾನ ಕುಣಿದು ಗಿನ್ನೆಸ್ ದಾಖಲೆ ಮಾಡಿದ್ದನ್ನು ನಗರದವರು ಮರೆತಿರಲಾರರು. ಅಷ್ಟು ಜನರ ಪಾದಗಳನ್ನು ಒಂದು ಮಾಡಿದ್ದು ಸೊಲ್ಲು.

ಈಗ ಆ ಬದಿಯ ಜಾಗವೂ ಖಾಲಿಯಾಗುತ್ತಿದೆ. ರಾಜ್ಯೋತ್ಸವವಿರಲಿ, ದಸರೆಯಿರಲಿ, ಸಂಘದ ವಾರ್ಷಿಕೋತ್ಸವವಿರಲಿ, ಮಕ್ಕಳ ನೃತ್ಯಕ್ಕೆ ಹಿಂದೆ ಸಿಡಿ, ಈಗ ಪೆನ್‌ಡ್ರೈವ್ ಅಥವಾ ಮೊಬೈಲು. ಸಂಘಗಳನ್ನು ದೂರುವಂತಿಲ್ಲ. ನಟ್ಟುವಾಂಗ, ಹಾಡುಗಾರಿಕೆ, ಮೃದಂಗ, ಕೊಳಲು ಅಥವಾ ಪಿಟೀಲು ಎಂದರೆ ನಾಲ್ಕು ಜನ. ಬೆಂಗಳೂರಿನಿಂದ ಕರೆಸುವುದಾದರೆ ಕಾಚಿಗುಡ ರೈಲಿನ ಟಿಕೆಟ್ಟು, ವಸತಿ, ಊಟ, ಸಂಭಾವನೆ. ಚಂದಾ ಎತ್ತುವ ಖಜಾಂಚಿಯ ಕಷ್ಟ ಖಜಾಂಚಿಗೇ ಗೊತ್ತು. ಹದಿನೈದು ಕಾರ್ಯಕ್ರಮ ಮೂರು ಗಂಟೆಯಲ್ಲಿ ಮುಗಿಯಬೇಕು, ಅಧ್ಯಕ್ಷರ ಭಾಷಣವೂ ಆಗಬೇಕು.

ಆದರೂ ಎರಡರ ನಡುವಿನ ಅಂತರ ಹಣದಲ್ಲಿ ಅಳೆಯುವಂಥದ್ದಲ್ಲ. ನಟ್ಟುವಾಂಗದವರ ಕಣ್ಣು ಮಗುವಿನ ಪಾದದ ಮೇಲಿರುತ್ತದೆ. ಮಗು ಹೆದರಿ ಅರ್ಧ ಹೆಜ್ಜೆ ಹಿಂದೆ ಬಿದ್ದರೆ ಅವರು ಸೊಲ್ಲನ್ನು ಸ್ವಲ್ಪ ಒತ್ತಿ ಹೇಳಿ ಹಿಡಿದು ತರುತ್ತಾರೆ. ಗೆಜ್ಜೆಯ ದಾರ ಬಿಚ್ಚಿಕೊಂಡರೆ ಇನ್ನೊಂದು ಆವರ್ತನ ತಾಳ ತಟ್ಟಿ ಕಾಯುತ್ತಾರೆ. ಪೆನ್‌ಡ್ರೈವ್ ಯಾರಿಗೂ ಕಾಯುವುದಿಲ್ಲ. ಸಭಾಂಗಣದಲ್ಲಿ ಹಾಡು ಮುಗಿದರೂ ಇನ್ನೂ ನಾಲ್ಕು ಹೆಜ್ಜೆ ಬಾಕಿ ಉಳಿದು, ಏನು ಮಾಡಬೇಕೋ ತೋಚದೆ ನಮಸ್ಕಾರ ಮಾಡಿ ಓಡಿಹೋದ ಪುಟ್ಟಿಯರನ್ನು ನೋಡದ ಸಂಘವಿಲ್ಲ. ಚಪ್ಪಾಳೆ ಜೋರಾಗಿಯೇ ಬೀಳುತ್ತದೆ, ಮಗು ಮಾತ್ರ ಪರದೆಯ ಹಿಂದೆ ಅಳುತ್ತಿರುತ್ತದೆ.

ಧ್ವನಿಮುದ್ರಣಕ್ಕೆ ಕುಣಿದು ಬೆಳೆದ ಮಗುವಿಗೆ ಇನ್ನೊಂದು ನಷ್ಟವಿದೆ. ಅದು ಜತಿಯನ್ನು ಕೇಳುತ್ತದೆ, ಹೇಳುವುದಿಲ್ಲ. ಹತ್ತು ವರ್ಷ ಕಲಿತು ರಂಗಪ್ರವೇಶ ಮುಗಿಸಿದವರಿಗೂ ತಮ್ಮದೇ ವರ್ಣದ ತೀರ್ಮಾನವನ್ನು ತಾಳ ಹಾಕಿ ಬಾಯಲ್ಲಿ ಹೇಳಿ ಎಂದರೆ ತಡವರಿಸುವ ಸ್ಥಿತಿ ಇರುವುದನ್ನು ಗುರುಗಳೇ ಒಪ್ಪುತ್ತಾರೆ. ಇವರಲ್ಲಿ ಮುಂದೆ ಪಾಠ ಹೇಳುವವರು ಯಾರು?

ನಗರದ ಕನ್ನಡ ಮನೆಗಳಿಗೆ ಸಂಬಂಧಿಸಿದ ಇನ್ನೊಂದು ಅಂಶವೂ ಇದೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಲ್ಲಿ ಅನೇಕರಿಗೆ ಶಾಲೆಯಲ್ಲಿ ಇಂಗ್ಲಿಷು, ತೆಲುಗು, ಹಿಂದಿ; ಮನೆಯಲ್ಲಿ ಮಾತ್ರ ಕನ್ನಡ, ಅದೂ ಅಜ್ಜಿ ಇರುವ ತನಕ. ಕಾಚಿಗುಡದ ನೃಪತುಂಗ ಶಾಲೆಯಂಥ ಕಡೆ ಕಲಿತವರಿಗೆ ಅಕ್ಷರ ಬರುತ್ತದೆ, ಉಳಿದವರಿಗೆ ದೇವರನಾಮವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಬೇಕು. ಹಾಗೆ ಬರೆದಾಗ ಅಲ್ಪಪ್ರಾಣ ಮಹಾಪ್ರಾಣ, ಟ-ತ, ಣ-ನ ಎಲ್ಲ ಕಲಸಿಹೋಗುತ್ತದೆ. ಸೊಲ್ಲುಕಟ್ಟಿನಲ್ಲಿ ಆ ಸೌಲಭ್ಯವಿಲ್ಲ. ‘ತಕಿಟ’ದ ಟ ನಾಲಿಗೆ ಮಡಿಚಿಯೇ ಬರಬೇಕು, ‘ಧಿಮಿ’ಯ ಧ ಉಸಿರು ತುಂಬಿಯೇ ಬರಬೇಕು, ಇಲ್ಲದಿದ್ದರೆ ನಡೆ ಸಡಿಲವಾಗಿ ಗುರುಗಳು ನಿಲ್ಲಿಸುತ್ತಾರೆ. ಅರ್ಥವಿಲ್ಲದ ಈ ಅಕ್ಷರಗಳನ್ನು ತಿದ್ದುತ್ತಾ ತಿದ್ದುತ್ತಾ ಮಗುವಿನ ಕನ್ನಡದ ಉಚ್ಚಾರಣೆಯೂ ತಿದ್ದಿಕೊಳ್ಳುತ್ತದೆ. ತೆಲುಗು ಮನೆಯ ಮಗು, ತಮಿಳು ಮನೆಯ ಮಗು, ಕನ್ನಡದ ಮಗು ಒಂದೇ ಚಾಪೆಯ ಮೇಲೆ ಕೂತು ಹೇಳುವಾಗ ಯಾರ ಭಾಷೆ ಯಾವುದೆಂದು ಕೇಳುವ ಪ್ರಸಂಗವೂ ಬರುವುದಿಲ್ಲ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಹಾಡು, ಕೊಳಲು ಧ್ವನಿಮುದ್ರಣದಲ್ಲೇ ಇರಲಿ; ವಾರ್ಷಿಕೋತ್ಸವದ ಹದಿನೈದು ನೃತ್ಯಗಳಲ್ಲಿ ಒಂದಕ್ಕಾದರೂ, ಒಂದು ಅಲರಿಪ್ಪುವಿಗೆ, ಗುರುಗಳು ಮೈಕಿನ ಮುಂದೆ ಕೈತಾಳ ಹಿಡಿದು ಕೂರಬಹುದು. ಅಲರಿಪ್ಪುವಿಗೆ ಹಾಡುಗಾರರೂ ಬೇಡ, ಐದು ನಿಮಿಷವೂ ಬೇಡ. ಸಾಲಿನಲ್ಲಿ ನಿಂತು ಸರದಿ ಕಾಯುವ ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿ ಜತೆಗೆ ಹೇಳಿಸಿದರೆ ಖಜಾಂಚಿಗೂ ಖರ್ಚಿಲ್ಲ. ವಾದ್ಯ ಬಾಡಿಗೆಗೆ ತರುವುದಿಲ್ಲ, ಶ್ರುತಿ ಮಾಡುವ ರಗಳೆಯಿಲ್ಲ. ವಿದ್ಯುತ್ ಕೈಕೊಟ್ಟರೂ ಕಾರ್ಯಕ್ರಮ ನಿಲ್ಲುವುದಿಲ್ಲ.

ಅಂದಹಾಗೆ, ಮೇಲೆ ಹೇಳಿದ 32 ಮಾತ್ರೆಯ ಲೆಕ್ಕವನ್ನು ಮನೆಯಲ್ಲಿ ಮಕ್ಕಳೊಂದಿಗೆ ಹೇಳಿ ನೋಡಬಯಸುವವರು ಮೊದಲು ತಾಳ ಹಾಕುವುದನ್ನು ಆರಂಭಿಸಿ, ನಾಲ್ಕು ಆವರ್ತನ ಸುಮ್ಮನೆ ಕೈ ಆಡಿಸಿ, ಆಮೇಲೆ ಬಾಯಿ ತೆರೆಯುವುದು ಒಳ್ಳೆಯದು. ಮೊದಲ ಸಲ ಹೆಚ್ಚಿನವರು ಎರಡನೆಯ ‘ತದಿಗಿಣತೊಂ’ ಮುಗಿದ ಕೂಡಲೇ ಅವಸರ ಮಾಡಿ ಮೌನವನ್ನು ನುಂಗಿಬಿಡುತ್ತಾರೆ. ಒಂದು ಮಾತ್ರೆ ಮೊದಲೇ ಬಂದು ನಿಂತರೆ ಅಲ್ಲಿಯೇ ಎಲ್ಲೋ ತಪ್ಪಿದೆ ಎಂದು ತಿಳಿಯಬೇಕು.